ಒಂಟೆ ಇಲ್ಲದ ಊರಿನ ಒಂಟೆ ಡಾಕ್ಟ್ರು

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಬಂಧುಬಳಗವೆಲ್ಲ ಅವನನ್ನು ಕರೆಯುತ್ತಿದ್ದದ್ದು ರೀಸ್ಟಾರ್ಟಣ್ಣ ಎಂದು. ಯಾರ ಮನೆಯ ಯಾವ ಯಂತ್ರ ಕೆಟ್ಟರೂ ಅವನು ಹೇಳುತ್ತಿದ್ದ ಮದ್ದು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಸರಿಹೋಗದಿದ್ದಾಗ ಅವನು ಕೇಳುತ್ತಿದ್ದ ಎರಡನೆಯ ಪ್ರಶ್ನೆ: "ಇತ್ತೀಚೆಗೆ ಏನಾದ್ರೂ ಬದಲಾಯ್ಸಿದ್ರಾ?" ಬದಲಾಯಿಸಿದ್ದರೆ ಹಳೆಯದನ್ನೇ ವಾಪಸ್ ಹಾಕು ಎನ್ನುತ್ತಿದ್ದ. ಇಪ್ಪತ್ತು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ದುಡಿದು ಅವನು ಗಳಿಸಿದ ಜ್ಞಾನದ ಸಾರವೆಲ್ಲ ಇಷ್ಟೇ, ಮತ್ತು ಇಷ್ಟು ಸಾಕಾಗುತ್ತಿತ್ತು ಎಂಬುದೇ ಅವನ ದುರದೃಷ್ಟ.

ಕಂಪ್ಯೂಟರ್ ಕಲಿತವನಿಗೆ ಲೋಕದಲ್ಲಿ ಪ್ಲಗ್ ಇರುವ ವಸ್ತುಗಳೆಲ್ಲ ಗೊತ್ತಿರಬೇಕೆಂಬುದು ನೆಂಟರ ಶಾಸ್ತ್ರ. ಚಿಕ್ಕಮ್ಮನ ಮಿಕ್ಸಿ ಅವನ ಮನೆಗೆ ಬರುತ್ತಿತ್ತು. ಸೋದರಮಾವನ ಫೋನು ಬರುತ್ತಿತ್ತು. ಭಾವಮೈದುನನಂತೂ ಅನ್ನಕ್ಕೆ ಕೈಯಿಟ್ಟ ಹೊತ್ತು ನೋಡಿಕೊಂಡೇ "ಭಾವ, ವೈಫೈ ಸತ್ತೋಯ್ತು" ಎಂದು ಫೋನ್ ಮಾಡುತ್ತಿದ್ದ. ಇದರ ಮೇಲೆ ಆಫೀಸಿನ ಸರ್ವರ್ ಬೇರೆ, ಅದು ಕೂಸಿನ ಹಾಗೆ ಹೊತ್ತುಗೊತ್ತಿಲ್ಲದೆ ಅಳುತ್ತಿತ್ತು. ರಕ್ತದೊತ್ತಡ ಏರಿತು. ಡಾಕ್ಟರ ಬಳಿ ಹೋದ. ಅವರು ಗಂಭೀರವಾಗಿ, "ನೋಡಿ, ನಿಮಗೆ ಔಷಧಿಗಿಂತ ನೆಮ್ಮದಿ ಮುಖ್ಯ. ಗದ್ದಲ ಇಲ್ಲದ ಕಡೆ ಇರಿ" ಎಂದರು. ಇವನು ಎದ್ದು ಹೊರಡುವಾಗ, "ಅಂದ್ಹಾಗೆ, ಈ ಪ್ರಿಂಟರ್ ಯಾಕೋ ಬೆಳಗ್ಗೆಯಿಂದ..." ಎಂದರು.

ಹೊರೆ ಹೊತ್ತ ಬೆನ್ನನ್ನು ಮುರಿಯುವ ಕೊನೆಯ ಹುಲ್ಲುಕಡ್ಡಿ ಬಿದ್ದದ್ದು ದೊಡ್ಡಪ್ಪ ತೀರಿಕೊಂಡ ದಿನ. ರೀಸ್ಟಾರ್ಟಣ್ಣ ಕರವಸ್ತ್ರ ಹಿಡಿದು ನಿಜಕ್ಕೂ ಅಳುತ್ತ ಒಳಗೆ ಹೋದ. ದೊಡ್ಡಪ್ಪನ ಮಗ ಬಂದು ತಬ್ಬಿಕೊಂಡ, ಬಿಕ್ಕಿಬಿಕ್ಕಿ ಅತ್ತ, ಅಳುತ್ತಲೇ ಕಿವಿಯಲ್ಲಿ ಅಂದ, "ಅಪ್ಪನ ಫೋನ್ ಲಾಕ್ ತೆಗೆದು ಕೊಡೋ, ಪುಣ್ಯ ಬರುತ್ತೆ."

ಅವತ್ತೇ ತೀರ್ಮಾನವಾಯಿತು. ಇನ್ನು ಈ ದೇಶವೇ ಬೇಡ. ಹುಡುಕಿ ಹುಡುಕಿ ದೂರದ ಯಾವುದೋ ದೇಶದ ಒಂದು ಸಣ್ಣ ಊರನ್ನು ಆರಿಸಿದ. ಆ ಊರಿನವರು ತಮ್ಮ ಊರಿನ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ ಮಾತೇ "ಇಲ್ಲಿ ಏನೂ ನಡೆಯುವುದಿಲ್ಲ" ಎಂದು. ಆ ದೇಶದ ಒಂದು ಕಂಪನಿ ಮನೆಯಲ್ಲೇ ಕೂತು ಮಾಡುವ ಕಂಪ್ಯೂಟರ್ ಕೆಲಸ ಕೊಟ್ಟಿತು. ಹೆಂಡತಿ ಪೆಟ್ಟಿಗೆ ಕಟ್ಟುತ್ತ ಒಂದೇ ಮಾತು ಹೇಳಿದಳು: "ಎಲ್ಲಿಗೆ ಹೋದ್ರೂ ನಿಮ್ಮ ಬಾಯಿ ನಿಮ್ಮ ಜೊತೆಗೇ ಬರುತ್ತಲ್ಲ ರೀ."

ಹೆಂಡಂದಿರ ಮಾತನ್ನು ಗಂಡಂದಿರು ಪೆಟ್ಟಿಗೆ ಕಟ್ಟುವಾಗ ಕೇಳಿಸಿಕೊಂಡಿದ್ದರೆ ಪ್ರಪಂಚದಲ್ಲಿ ಕಥೆಗಳೇ ಇರುತ್ತಿರಲಿಲ್ಲ.

ಹೊಸ ಊರಿನ ಬೀದಿ ಕಿರಿದು. ಒಂದು ಗೋಡೆಗೆ ಇನ್ನೊಂದು ಗೋಡೆ ಅಂಟಿಕೊಂಡ ಮನೆಗಳು, ಮೂಲೆಯಲ್ಲಿ ಒಂದು ಬೇಕರಿ, ಅದರ ಪಕ್ಕ ಒಂದು ಕ್ಷೌರದಂಗಡಿ. ಅಷ್ಟೇ ಊರು. ಮೊದಲ ವಾರ ಒಬ್ಬರೂ ಬಾಗಿಲು ತಟ್ಟಲಿಲ್ಲ. ರೀಸ್ಟಾರ್ಟಣ್ಣ ಊಟಕ್ಕೆ ಕೂತರೆ ಊಟ ಮುಗಿಸಿಯೇ ಏಳುತ್ತಿದ್ದ. ಹೆಂಡತಿ ಇದನ್ನು ನೋಡಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮ ಜೊತೆ ಒಂದು ಪೂರ್ತಿ ಊಟ ಮಾಡಿದೆ" ಎಂದು ಕಣ್ಣೊರೆಸಿಕೊಂಡಳು. ಅವಳು ಹಾಗೆ ಅತ್ತದ್ದು ಅವನ ಎದೆಗೆ ನಾಟಿತು. ಈ ಊರನ್ನು ಯಾವ ಕಾರಣಕ್ಕೂ ಬಿಡಬಾರದು ಎಂದು ನಿಶ್ಚಯಿಸಿದ. ಬಿಡಬೇಕಾಗಿ ಬಂದೀತೆಂಬ ಭಯವೂ ಇತ್ತು. ಅಲ್ಲಿ ಇರಲು ಸರ್ಕಾರ ಕೊಟ್ಟಿದ್ದ ಪರವಾನಗಿ ಮೊದಲ ವರ್ಷಕ್ಕೆ ಮಾತ್ರ. ಆಮೇಲೆ ಅಧಿಕಾರಿ ನೋಡಿ, ಒಪ್ಪಿ, ಮುದ್ರೆ ಒತ್ತಬೇಕು. ಒತ್ತದಿದ್ದರೆ ಗಂಟುಮೂಟೆ ಸಮೇತ ಮತ್ತೆ ಭಾವಮೈದುನನ ವೈಫೈಗೆ.

ಎದುರುಮನೆಯಲ್ಲಿ ಒಬ್ಬ ಮುದುಕಿ, ಒಂದು ಬೆಕ್ಕು. ಆ ದೇಶದಲ್ಲಿ ಕಂಡ ಮುದುಕಿಯರನ್ನೆಲ್ಲ ಅಜ್ಜಿ ಎನ್ನುವ ಪದ್ಧತಿ ಇದೆಯೋ ಇಲ್ಲವೋ, ಇವರಿಬ್ಬರು ಅಜ್ಜಿ ಎಂದರು, ಆಕೆಯೂ ಓಗೊಟ್ಟಳು. ಅಲ್ಲಿನವರ ಭಾಷೆ ನಮ್ಮದಲ್ಲ, ನಿಜ. ಆದರೆ ಬೇರೆ ಭಾಷೆಯಲ್ಲಿ ಬೈಸಿಕೊಂಡರೂ ಉರಿಯುವುದು ನಮ್ಮ ಭಾಷೆಯಲ್ಲೇ ಆದ್ದರಿಂದ ಅವರ ಮಾತನ್ನೆಲ್ಲ ನಮ್ಮ ಮಾತಿನಲ್ಲೇ ಹೇಳಿಬಿಡುವುದು ಒಳ್ಳೆಯದು.

ಅಜ್ಜಿ ಇಬ್ಬರನ್ನೂ ಚಹಾಕ್ಕೆ ಕರೆದಳು. ಬಿಸ್ಕತ್ತು ಇಟ್ಟಳು. ಹವಾಮಾನ ಮುಗಿಯಿತು, ಮನೆ ಬಾಡಿಗೆ ಮುಗಿಯಿತು. ಆಮೇಲೆ ಅಜ್ಜಿ ಸಹಜವಾಗಿ ಕೇಳಿದಳು.

"ಏನ್ ಕೆಲಸ ಮಾಡ್ತೀಯಪ್ಪಾ?"

ರೀಸ್ಟಾರ್ಟಣ್ಣನಿಗೆ ಚಹಾ ನೆತ್ತಿಗೇರಿತು. ಹೆಂಡತಿ "ಇವರು ಕಂಪ್ಯೂ..." ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಅವಳ ಕಾಲು ತುಳಿದ. ನಿಜ ಹೇಳಿದರೆ ನಾಳೆ ಬೆಳಗ್ಗೆ ಅಜ್ಜಿಯ ಪ್ರಿಂಟರು, ಮಧ್ಯಾಹ್ನ ಬೇಕರಿಯವನ ಲ್ಯಾಪ್‌ಟಾಪು, ಸಂಜೆ ಇಡೀ ಬೀದಿ. ಏನು ಹೇಳಲಿ, ಏನು ಹೇಳಲಿ ಎಂದು ಕಣ್ಣು ಗೋಡೆಯ ಮೇಲೆ ಓಡಾಡಿತು. ಗೋಡೆಯ ಮೇಲೆ ಒಂದು ಕ್ಯಾಲೆಂಡರು. ಕ್ಯಾಲೆಂಡರಿನಲ್ಲಿ ಮರಳುಗಾಡು. ಮರಳುಗಾಡಿನಲ್ಲಿ ಒಂದು ಪ್ರಾಣಿ.

"ಒಂಟೆ" ಅಂದುಬಿಟ್ಟ.

"ಒಂಟೆ?"

"ಒಂಟೆ ಡಾಕ್ಟ್ರು ಅಜ್ಜಿ. ನಾನು ಒಂಟೆಗಳ ಡಾಕ್ಟ್ರು."

ಅಜ್ಜಿ ಕಪ್ಪು ಕೆಳಗಿಟ್ಟಳು. ಕ್ಯಾಲೆಂಡರು ನೋಡಿದಳು, ಅವನನ್ನು ನೋಡಿದಳು, ಮತ್ತೊಮ್ಮೆ ಕ್ಯಾಲೆಂಡರು ನೋಡಿದಳು. "ಈ ದೇಶದಲ್ಲಿ ಒಂಟೇನೇ ಇಲ್ವಲ್ಲಪ್ಪ?"

"ಅದಕ್ಕೇ ಬಂದಿದ್ದು. ಸ್ವಲ್ಪ ವಿಶ್ರಾಂತಿ ಬೇಕಿತ್ತು."

ಮಾತು ತಪ್ಪಿಸಲು ಹೆಂಡತಿ, "ನೀವು ಮೊದಲು ಏನ್ ಮಾಡ್ತಿದ್ರಿ ಅಜ್ಜಿ?" ಎಂದಳು.

"ನಾನಾ? ಈಜು ಕಲಿಸ್ತಿದ್ದೆ."

"ಈ ಊರಲ್ಲಿ ಈಜುಕೊಳ ಎಲ್ಲಿದೆ?"

"ಇಲ್ಲ" ಅಂದಳು ಅಜ್ಜಿ ಬಿಸ್ಕತ್ತು ಮುರಿಯುತ್ತ. "ಅದಕ್ಕೇ ಇಲ್ಲಿಗೆ ಬಂದಿದ್ದು."

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ. ಒಂಟೆ?"

"ನೀನು ಯೋಚನೆ ಮಾಡು. ದರ್ಜಿ ಅಂದ್ರೆ ಹರಿದ ಪ್ಯಾಂಟು ತರ್ತಾರೆ. ವಕೀಲ ಅಂದ್ರೆ ಜಗಳ ತರ್ತಾರೆ. ಮೇಷ್ಟ್ರು ಅಂದ್ರೆ ಮಕ್ಕಳನ್ನೇ ತಂದು ಬಿಡ್ತಾರೆ. ಒಂಟೆ ಡಾಕ್ಟ್ರು ಅಂದ್ರೆ ಏನ್ ತರ್ತಾರೆ? ಒಂಟೆ ತರ್ತಾರಾ?"

"ಕಾಟ ಬರಬೇಕು ಅಂತಿದ್ರೆ ಒಂಟೆ ಮೇಲೆ ಕೂತ್ಕೊಂಡೇ ಬರುತ್ತೆ."

ಒಂಟೆ ಬರುವುದಕ್ಕೆ ಮುಂಚೆ ಬೆಕ್ಕು ಬಂತು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಅಜ್ಜಿ, ಅವಳ ಕಂಕುಳಲ್ಲಿ ದಪ್ಪನೆಯ ಹಳದಿ ಬೆಕ್ಕು.

"ಡಾಕ್ಟ್ರೇ, ಇದು ಊಟಾನೇ ಬಿಟ್ಬಿಟ್ಟಿದೆ."

"ಅಜ್ಜಿ, ನಾನು ಒಂಟೆಗೆ ಮಾತ್ರ..."

"ಒಂಟೆಗೂ ನಾಲ್ಕು ಕಾಲು, ಬೆಕ್ಕಿಗೂ ನಾಲ್ಕು ಕಾಲು. ಅಷ್ಟು ದೊಡ್ಡದನ್ನ ರಿಪೇರಿ ಮಾಡೋನಿಗೆ ಇಷ್ಟು ಸಣ್ಣದು ಯಾವ ಲೆಕ್ಕ?" ಎಂದು ಬೆಕ್ಕನ್ನು ಅವನ ಕೈಗೇ ಕೊಟ್ಟಳು.

ಬೆಕ್ಕು ಅವನನ್ನು ನೋಡಿತು, ಅವನು ಬೆಕ್ಕನ್ನು ನೋಡಿದ. ಇಬ್ಬರಿಗೂ ಪರಸ್ಪರ ನಂಬಿಕೆ ಬರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ತೆರೆದುಕೊಂಡಿತು: "ಇತ್ತೀಚೆಗೆ ಏನಾದ್ರೂ ಬದಲಾಯ್ಸಿದ್ರಾ?"

"ಬಟ್ಟಲು ಬದಲಾಯ್ಸಿದೆ. ಹಳೇದು ಅಂಚು ಒಡೆದಿತ್ತು, ಹೊಸ ಸ್ಟೀಲ್ ಬಟ್ಟಲು ತಂದೆ."

"ಹಳೇದನ್ನೇ ವಾಪಸ್ ಇಡಿ. ಅದಕ್ಕೂ ಮುಂಚೆ ಕತ್ತಲೆ ಕೋಣೇಲಿ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಆಮೇಲೆ ಬಾಗಿಲು ತೆಗೀರಿ."

ಅಂದರೆ ಅವನು ಬೆಕ್ಕನ್ನು ಆಫ್ ಮಾಡಿ ಆನ್ ಮಾಡಿಸಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೋ, ಅಥವಾ ಬೆಕ್ಕಿಗೆ ಸ್ಟೀಲ್ ಬಟ್ಟಲಿನಲ್ಲಿ ತನ್ನ ಮುಖ ಕಂಡು ಹಸಿವು ಹೋಗಿತ್ತೋ, ಸಂಜೆಯ ಹೊತ್ತಿಗೆ ಅದು ಒಡೆದ ಬಟ್ಟಲನ್ನು ನೆಕ್ಕಿ ತೊಳೆದಿಟ್ಟಿತು.

ಅಲ್ಲಿಗೆ ನೆಮ್ಮದಿ ಮುಗಿಯಿತು. "ಇಲ್ಲಿ ಏನೂ ನಡೆಯುವುದಿಲ್ಲ" ಎನ್ನುವ ಊರಿನಲ್ಲಿ ಒಂದು ಬೆಕ್ಕು ಊಟ ಮಾಡಿದ್ದೂ ಸುದ್ದಿಯೇ. ಮರುದಿನ ಕ್ಷೌರದಂಗಡಿಯವನು ಗಿಳಿಯ ಪಂಜರ ಹಿಡಿದು ಬಂದ. ಈ ಕ್ಷೌರಿಕನ ವಿಶೇಷವೆಂದರೆ ಊರಿನ ಎಲ್ಲರ ತಲೆಗೂ ಒಂದೇ ಕಟಿಂಗ್ ಮಾಡುತ್ತಿದ್ದ. ಕೇಳಿದರೆ, "ಒಂದ್ಸಲ ಚೆನ್ನಾಗಿ ಬಂದಿದ್ದನ್ನ ಯಾಕ್ರೀ ಮತ್ತೆ ಹೊಸದಾಗಿ ಯೋಚನೆ ಮಾಡಬೇಕು?" ಎನ್ನುತ್ತಿದ್ದ. ಅವನ ಗಿಳಿ ಮಾತು ನಿಲ್ಲಿಸಿತ್ತು. ವಿಚಾರಿಸಿದರೆ, ಅಂಗಡಿಗೆ ಸುಣ್ಣ ಬಳಿಯುವಾಗ ಪಂಜರದ ಎದುರಿನ ಕನ್ನಡಿ ತೆಗೆದಿದ್ದರು. ಕನ್ನಡಿ ವಾಪಸ್ ಹೋಯಿತು, ಗಿಳಿ ಗಿರಾಕಿಗಳನ್ನು ಮತ್ತೆ ಬೈಯತೊಡಗಿತು.

ಅದರ ಹಿಂದೆ ಬೇಕರಿಯವನು ನಾಯಿ ತಂದ. ನಾಯಿ ಸುಮ್ಮನೆ ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು.

"ಮೊದಲು ಇದನ್ನ ಆಫ್... ಅಂದ್ರೆ ಕಂಬಳಿ ಹೊದಿಸಿ ಮಲಗಿಸಿ ಎಬ್ಬಿಸಿ. ಆಮೇಲೂ ಸುತ್ತಿದ್ರೆ, ಮಲಗೋ ಜಾಗ ಮೊದಲು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹಾಕಿ."

"ಅದೇ, ಅದೇ!" ಬೇಕರಿಯವನ ಮುಖ ಅರಳಿತು. "ನಾವೂ ಮೊದಲು ಹಾಗೇ ಮಾಡ್ತಿ..." ಎಂದವನು ನಾಲಿಗೆ ಕಚ್ಚಿಕೊಂಡು, "ಹಿಟ್ಟಿನ ವಿಷಯದಲ್ಲಿ ಹೇಳ್ದೆ" ಎಂದ.

ಹೀಗೆ ರೀಸ್ಟಾರ್ಟಣ್ಣ ಒಂದು ಒಂಟೆಯನ್ನೂ ಮುಟ್ಟದೆ ಒಂಟೆ ಡಾಕ್ಟ್ರಾಗಿ ಹೆಸರು ಮಾಡಿದ. ಹಾಳೂರಿಗೆ ಉಳಿದವನೇ ಗೌಡ ಅಂದಂತೆ, ಒಂಟೆ ಇಲ್ಲದ ಊರಿನಲ್ಲಿ ಅವನಿಗೆ ಎದುರಾಳಿಯೇ ಇರಲಿಲ್ಲ. ಬೆಳಗಾದರೆ ಬಾಗಿಲ ಮುಂದೆ ಬಾಲಗಳು. ಪ್ರಾಣಿ ತಂದವರು ಪ್ರಾಣಿಯನ್ನು ತೋರಿಸಿ ಸುಮ್ಮನೆ ಹೋಗುತ್ತಿದ್ದರೇ? ಕೂತು ಚಹಾ ಕುಡಿದು, ತಮ್ಮ ಮೊಣಕಾಲು ನೋವು, ಸೊಸೆಯ ಕೋಪ, ಎಲ್ಲ ಹೇಳಿಕೊಂಡು ಹೋಗುತ್ತಿದ್ದರು. ಹೆಂಡತಿ ನಗುತ್ತ ಚಹಾ ಸೋಸುತ್ತಿದ್ದಳು. "ಡಾಕ್ಟ್ರೇ, ಮುಂದಿನ ಪೇಷೆಂಟು ಆಮೆ" ಎಂದು ಕೂಗುತ್ತಿದ್ದಳು.

"ನಗಬೇಡ್ವೇ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು."

"ಮಾರಿ ಅಲ್ಲ ರೀ, ಆಮೆ. ಒಳಗೆ ಬರೋಕೆ ಇನ್ನೂ ಸ್ವಲ್ಪ ಹೊತ್ತಾಗುತ್ತೆ, ಅಷ್ಟ್ರಲ್ಲಿ ತಿಂಡಿ ತಿಂದ್ಬಿಡಿ."

ಪರವಾನಗಿ ನವೀಕರಣದ ದಿನ ಹತ್ತಿರ ಬಂತು. ಅದರ ಹಿಂದಿನ ದಿನ, ಬಾಗಿಲು ತಟ್ಟಿದ ಸದ್ದಲ್ಲ, ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅಜ್ಜಿ, ಬೇಕರಿಯವನು, ಕ್ಷೌರಿಕ, ಒಬ್ಬ ಪೊಲೀಸಿನವನು, ಹಿಂದೆ ಇಡೀ ಬೀದಿ. ಅಜ್ಜಿಯ ಕಣ್ಣು ಥಳಥಳ ಹೊಳೆಯುತ್ತಿತ್ತು.

"ಡಾಕ್ಟ್ರೇ, ನಿಮ್ಮ ಭಾಗ್ಯದ ಬಾಗಿಲು ತೆರೀತು. ಒಂಟೆ ಬಂದಿದೆ!"

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ಊರೂರು ಸುತ್ತುವ ಸರ್ಕಸ್ಸಿನವರ ಒಂಟೆಯೊಂದು ಮೆರವಣಿಗೆಯಲ್ಲಿ ಬರುತ್ತ, ಇದೇ ಬೀದಿಯ ಬಾಯಿಯಲ್ಲಿ ರಸ್ತೆಗೆ ಅಡ್ಡಲಾಗಿ ಕೂತುಬಿಟ್ಟಿತ್ತಂತೆ. ಎಳೆದರೂ ಏಳದು, ಬೇಡಿಕೊಂಡರೂ ಏಳದು. ಆ ಕಡೆ ಕಾರುಗಳ ಸಾಲು, ಈ ಕಡೆ ಕಾರುಗಳ ಸಾಲು. ಆ ಊರಿನ ಚರಿತ್ರೆಯಲ್ಲೇ ಮೊದಲ ಸಲ ಹಾರ್ನ್ ಕೇಳಿಸಿತು.

"ನನಗೆ ತಲೆನೋವು..." ಎಂದ ರೀಸ್ಟಾರ್ಟಣ್ಣ.

"ದೇಶಕ್ಕೇ ಒಬ್ಬ ಒಂಟೆ ಡಾಕ್ಟ್ರು, ದೇಶಕ್ಕೇ ಒಂದು ಒಂಟೆ. ಎರಡೂ ಒಂದೇ ಬೀದೀಲಿ!" ಎಂದು ಪೊಲೀಸಿನವನು ತೋಳು ಹಿಡಿದ. ಮನೆಯ ಚಪ್ಪಲಿಯಲ್ಲೇ ಮೆರವಣಿಗೆ ಹೊರಟಿತು. ಹೆಂಡತಿ ಹಿಂದಿನಿಂದ ಒಂದು ಬೆಡ್‌ಶೀಟು ತಂದುಕೊಟ್ಟಳು. "ಆಫ್ ಮಾಡೋಕೆ ಬೇಕಾಗುತ್ತಲ್ಲ" ಎಂದಳು ಮೆಲ್ಲಗೆ.

ಒಂಟೆ ಕ್ಯಾಲೆಂಡರಿನಲ್ಲಿದ್ದುದಕ್ಕಿಂತ ಬಹಳ ದೊಡ್ಡದಾಗಿತ್ತು. ತುಟಿ ಇಳಿಬಿಟ್ಟುಕೊಂಡು ಏನನ್ನೋ ಮೆಲುಕು ಹಾಕುತ್ತ, ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ಡಾಕ್ಟರನ್ನು ನೋಡಿತು. ಒಂಟೆಯವನು ಓಡಿಬಂದು ಕೈ ಮುಗಿದ.

"ಸ್ವಾಮಿ, ತಾವು ಬಹಳ ಒಂಟೆ ನೋಡಿರಬೇಕು."

"ಇಂಥದ್ದನ್ನ ನೋಡಿಲ್ಲ" ಎಂದ ರೀಸ್ಟಾರ್ಟಣ್ಣ. ಆ ಊರಿಗೆ ಬಂದ ಮೇಲೆ ಅವನು ಆಡಿದ ಮೊದಲ ಸತ್ಯ ಅದು.

ಹತ್ತಿರ ಹೋದ. ಒಂಟೆ ಸೀನಿತು. ಕನ್ನಡಕ ಒರೆಸಿಕೊಂಡು, ಅವನು ಬೆಡ್‌ಶೀಟನ್ನು ಅದರ ಮುಖದ ಮೇಲೆ ಹೊದಿಸಿದ. ಜನ ಉಸಿರು ಬಿಗಿಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದ. ಒಂಟೆ ಹಾಗೇ ಕೂತಿತ್ತು. ಎರಡನೆಯ ಪ್ರಶ್ನೆಯೊಂದೇ ಉಳಿದಿತ್ತು.

"ಇತ್ತೀಚೆಗೆ... ಏನಾದ್ರೂ ಬದಲಾಯ್ಸಿದ್ರಾ?"

"ಏನಿಲ್ಲ ಸ್ವಾಮಿ. ಕೊರಳ ಗಂಟೆ ಒಂದು. ಹಳೇದು ತುಕ್ಕು ಹಿಡಿದು ಲೊಡಲೊಡ ಅಂತಿತ್ತು, ಇವತ್ತು ಬೆಳಗ್ಗೆ ಹೊಸದು ಕಟ್ಟಿದ್ವಿ."

"ಹಳೇದನ್ನೇ ಕಟ್ಟಿ!"

ಕಟ್ಟಿದರು. ಲೊಡಲೊಡ ಎಂದು ಸದ್ದಾಯಿತು. ಒಂಟೆ ಕಿವಿ ನಿಮಿರಿಸಿತು, ಮೊದಲು ಹಿಂಭಾಗ ಎತ್ತಿತು, ಆಮೇಲೆ ಮುಂಭಾಗ ಎತ್ತಿತು, ಎದ್ದು ನಿಂತು, ಏನೂ ಆಗಿಯೇ ಇಲ್ಲವೆಂಬಂತೆ ನಡೆದೇಬಿಟ್ಟಿತು. ಬೀದಿಯೆಲ್ಲ ಚಪ್ಪಾಳೆ. ಬೇಕರಿಯವನು ಡಾಕ್ಟರನ್ನು ಎತ್ತಿಕೊಳ್ಳಲು ನೋಡಿದ, ಸೊಂಟ ಹಿಡಿದುಕೊಂಡಿತು, ಬಿಟ್ಟ.

ಆಗ ಸಾಲಿನ ಮೊದಲ ಕಾರಿನಿಂದ ಒಬ್ಬರು ಇಳಿದು ಬಂದರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದಂಥದ್ದೇ ಮುಖ. ಊರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಪರವಾನಗಿ ಅಧಿಕಾರಿ. ರೀಸ್ಟಾರ್ಟಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮ ಫೋಟೋ ನಮ್ಮ ಆಫೀಸಲ್ಲಿ ನೋಡಿದೀನಿ. ನೀವು ಕಂಪ್ಯೂಟರ್ ಕೆಲಸಕ್ಕೆ ಅಂತ ಬಂದೋರಲ್ವಾ? ನಾಳೆ ನನ್ನ ಹತ್ರ ಬರಬೇಕಾದೋರು?"

ಇವನು ಬಾಯಿ ತೆರೆಯುವ ಮುಂಚೆ ಬೇಕರಿಯವನು ಹೆಮ್ಮೆಯಿಂದ, "ಕಂಪ್ಯೂಟರ್ರಾ? ಎಲ್ಲಾದ್ರೂ ಉಂಟೇ ಸಾರ್! ಇವರು ಡಾಕ್ಟ್ರು! ನಮ್ಮ ಬೀದಿಯ ನಾಯಿ ಬೆಕ್ಕೆಲ್ಲ ಉಳಿದಿರೋದೇ ಇವರ ಕೈಗುಣದಿಂದ!" ಎಂದ.

"ಗಿಳಿ ಕೂಡ" ಎಂದ ಕ್ಷೌರಿಕ.

"ದಿನಾ ಬೆಳಗ್ಗೆ ಸಾಲು ನಿಂತಿರ್ತಾರೆ ಸಾರ್" ಎಂದ ಪೊಲೀಸಿನವನು. ಪ್ರೀತಿಯಿಂದ ಆಡಿದ ಒಂದೊಂದು ಮಾತೂ ಒಂದೊಂದು ಮೊಳೆಯಾಗಿ ರೀಸ್ಟಾರ್ಟಣ್ಣನ ಪರವಾನಗಿಯ ಶವಪೆಟ್ಟಿಗೆಗೆ ಬಡಿಯಿತು.

"ಹಾಗೋ" ಎಂದರು ಅಧಿಕಾರಿ. "ನಾಳೆ ಬನ್ನಿ, ಮಾತಾಡೋಣ."

ಮಾರನೆಯ ದಿನ ಆಫೀಸಿನಲ್ಲಿ ಅಧಿಕಾರಿಯ ಮೇಜಿನ ಎದುರು ರೀಸ್ಟಾರ್ಟಣ್ಣ ಮತ್ತು ಹೆಂಡತಿ. ಹಿಂದೆ, ಡಾಕ್ಟರಿಗೆ ಸನ್ಮಾನವೇ ಇರಬೇಕೆಂದು ಕೋಟು ಹಾಕಿಕೊಂಡು ಬಂದ ಇಡೀ ಬೀದಿ. ಅಜ್ಜಿಯ ಕಂಕುಳಲ್ಲಿ ಬೆಕ್ಕೂ ಇತ್ತು.

"ಕಾನೂನು ಸ್ಪಷ್ಟವಾಗಿದೆ" ಎಂದರು ಅಧಿಕಾರಿ. "ಕಂಪ್ಯೂಟರ್ ಕೆಲಸ ಅಂತ ಬಂದು, ಲೈಸೆನ್ಸ್ ಇಲ್ಲದೆ ಪ್ರಾಣಿಗಳಿಗೆ ಚಿಕಿತ್ಸೆ ಮಾಡಿದ್ರೆ ವಾಪಸ್ ಕಳಿಸ್ತೀವಿ. ಏನ್ ಹೇಳ್ತೀರಿ?"

ಹೆಂಡತಿ ಅವನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಒಂದು ಮಾತು ಬೈದಿದ್ದರೂ ಅವನಿಗೆ ಧೈರ್ಯ ಬರುತ್ತಿತ್ತು. ಬಿಸಿತುಪ್ಪವನ್ನು ಇಷ್ಟು ದಿನ ಬಾಯಲ್ಲಿಟ್ಟುಕೊಂಡದ್ದು ಸಾಕೆನಿಸಿ ರೀಸ್ಟಾರ್ಟಣ್ಣ ಎದ್ದು ನಿಂತ.

"ನಾನು ಡಾಕ್ಟ್ರಲ್ಲ ಸಾರ್! ನಿನ್ನೆಯವರೆಗೂ ಒಂಟೇನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ನಾನು ಕಂಪ್ಯೂಟರ್ನೋನು. ಗೊತ್ತಾದ್ರೆ ಎಲ್ಲರೂ ಪ್ರಿಂಟರ್ ಹೊತ್ಕೊಂಡು ಬರ್ತಾರೆ ಅನ್ನೋ ಭಯಕ್ಕೆ ಸುಳ್ಳು ಹೇಳ್ದೆ. ನೆಮ್ಮದಿ ಹುಡುಕ್ಕೊಂಡು ಬಂದೋನು ಸಾರ್, ನನ್ನ ವಾಪಸ್ ಕಳಿಸಬೇಡಿ!"

ಅವನು ತಿರುಗಿ ನೋಡಿದ, ಬೈಗುಳಕ್ಕೆ ತಯಾರಾಗಿಯೇ ನೋಡಿದ. ಆದರೆ ಯಾರೂ ಅವನನ್ನು ನೋಡುತ್ತಿರಲಿಲ್ಲ. ಬೇಕರಿಯವನು ತನ್ನ ಬೂಟು ನೋಡುತ್ತಿದ್ದ. ಕ್ಷೌರಿಕ ಕಿಟಕಿ ನೋಡುತ್ತಿದ್ದ. ಅಜ್ಜಿ ಬೆಕ್ಕಿನ ಕಿವಿಯಲ್ಲಿ ಏನನ್ನೋ ಹುಡುಕುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಆದರೂ ಎಲ್ಲರೂ ಹೆಗಲು ಮುಟ್ಟಿಕೊಂಡಂತಿತ್ತು.

"ಬೆಕ್ಕಿಗೆ ಔಷಧಿ ಕೊಟ್ಟಿಲ್ವಾ ಇವರು?" ಎಂದು ಅಧಿಕಾರಿ ಅಜ್ಜಿಯನ್ನು ಕೇಳಿದರು.

"ಬಟ್ಟಲು ಬದಲಾಯ್ಸು ಅಂದ. ಬಟ್ಟಲು ಬದಲಾಯ್ಸೋಕೂ ಲೈಸೆನ್ಸ್ ಬೇಕಾ ನಿಮ್ಮ ಕಾನೂನಲ್ಲಿ?"

ಅಧಿಕಾರಿ ಕೆಮ್ಮಿದರು. "ಸರಿ. ಕಂಪ್ಯೂಟರ್ನೋರು ಅನ್ನೋದಕ್ಕೆ ಸಾಕ್ಷಿ? ಇಗೋ, ನನ್ನ ಈ ಯಂತ್ರ ಬೆಳಗ್ಗೆಯಿಂದ ಕಲ್ಲಾಗಿ ಕೂತಿದೆ. ಎಬ್ಬಿಸಿ ನೋಡೋಣ."

ಇದಕ್ಕಿಂತ ಸುಲಭವೇನಿದೆ! ರೀಸ್ಟಾರ್ಟಣ್ಣ ಉಸಿರು ಬಿಟ್ಟು, ಗುಂಡಿ ಒತ್ತಿ ಆಫ್ ಮಾಡಿದ, ಆನ್ ಮಾಡಿದ. ಪರದೆ ಕಪ್ಪು. ಮತ್ತೆ ಮಾಡಿದ, ಮತ್ತೆ ಕಪ್ಪು. ಒಂಟೆಯೇ ಎದ್ದಿತ್ತು, ಇದು ಏಳುತ್ತಿಲ್ಲ. ಗಾಬರಿಯಲ್ಲಿ ಇಪ್ಪತ್ತು ವರ್ಷದ ವಿದ್ಯೆಯೆಲ್ಲ ಮರೆತು ಮೂರನೆಯ ಸಲ ಗುಂಡಿಗೆ ಕೈ ಹಾಕಿದ.

"ಅಯ್ಯೋ, ಎಷ್ಟು ಸಲ ಅದನ್ನೇ ಮಾಡ್ತೀಯೋ!" ಎಂದು ಹಿಂದಿನಿಂದ ಕಿರುಚಿದ್ದು ಅಜ್ಜಿ. "ಪರದೆ ಕೇಬಲ್ ಸಡಿಲ ಆಗಿರುತ್ತೆ, ಹಿಂದೆ ನೋಡು!"

"ಕೇಬಲ್ ಅಲ್ಲ ಅಜ್ಜಿ" ಎಂದ ಬೇಕರಿಯವನು ಮುನ್ನುಗ್ಗುತ್ತ. "ಪೆನ್‌ಡ್ರೈವ್ ಸಿಕ್ಕಿಸಿ ಬಿಟ್ಟಿದಾರೆ, ಕಾಣಲ್ವಾ? ಅದರಿಂದ ಬೂಟ್ ಆಗೋಕೆ ಹೋಗ್ತಿದೆ ಅದು!"

"ಮುಟ್ಬೇಡ್ರೋ! ಮೊದ್ಲು ಬ್ಯಾಕಪ್ ಇದ್ಯಾ ಕೇಳ್ರೋ!" ಎಂದು ಕ್ಷೌರಿಕ ಕೂಗಿದ.

"ಬೂಟೇ ಆಗದೆ ಬ್ಯಾಕಪ್ ಹೆಂಗ್ ತಗೋತೀಯಾ?" ಎಂದು ರೀಸ್ಟಾರ್ಟಣ್ಣನೂ ತಿರುಗಿ ಕೂಗಿದ. "ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಹಾಕಬೇಕು!"

"ಪೆನ್‌ಡ್ರೈವ್ ಕಿತ್ತರೆ ಮುಗೀತಲ್ಲಯ್ಯ, ಡಿಸ್ಕ್ ಯಾಕ್ ಬಿಚ್ತೀಯಾ!"

ಪೊಲೀಸಿನವನೊಬ್ಬನನ್ನು ಬಿಟ್ಟು ಇಡೀ ಬೀದಿ ಮೇಜಿನ ಸುತ್ತ ಸೇರಿ, ಅಧಿಕಾರಿಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಕಚ್ಚಾಡತೊಡಗಿತು. ಯಾರೋ ಪೆನ್‌ಡ್ರೈವ್ ಕಿತ್ತರು. ಪರದೆ ಬೆಳಗಿತು. ಆಗ ಎಲ್ಲರೂ ಒಮ್ಮೆಲೇ ಬಾಯಿ ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

"ಬ್ಯಾಂಕಿನ ಕಂಪ್ಯೂಟರ್ ಕೋಣೇಲೇ ಆಯಸ್ಸು ಕಳೆದೆ" ಎಂದಳು ಅಜ್ಜಿ ಕೊನೆಗೆ, ನೆಲ ನೋಡುತ್ತ. "ಈಜು ನಂಗೆ ಬರಲ್ಲ. ನೀರು ಕಂಡ್ರೆ ಭಯ."

"ನಾನು ದೊಡ್ಡ ಪಟ್ಟಣದಲ್ಲಿ ಪ್ರೋಗ್ರಾಮ್ ಬರೀತಿದ್ದೆ" ಎಂದ ಬೇಕರಿಯವನು. "ಹಿಟ್ಟು ಯಾವತ್ತೂ ಹ್ಯಾಂಗ್ ಆಗಲ್ಲ ಅಂತ ಇಲ್ಲಿಗೆ ಓಡಿಬಂದೆ."

ಕ್ಷೌರಿಕ ತಲೆ ಕೆರೆದುಕೊಂಡ. ಒಂದೇ ಕಟಿಂಗನ್ನು ಊರಿಗೆಲ್ಲ ನಕಲು ಮಾಡುವವನು ಮೊದಲು ಏನಾಗಿದ್ದನೆಂದು ಯಾರೂ ಕೇಳಬೇಕಾಗಿರಲಿಲ್ಲ.

ಅಧಿಕಾರಿ ಮುದ್ರೆ ತೆಗೆದು ರೀಸ್ಟಾರ್ಟಣ್ಣನ ಪರವಾನಗಿಯ ಮೇಲೆ ಠಪ್ ಎಂದು ಒತ್ತಿದರು. "ಇಷ್ಟು ಅರ್ಥವಾಗದ ಹಾಗೆ ಜಗಳ ಆಡೋರು ಕಂಪ್ಯೂಟರ್ನೋರೇ, ಅನುಮಾನ ಇಲ್ಲ" ಎಂದರು. ಆಮೇಲೆ ಇಸ್ತ್ರಿ ಮುಖ ಸ್ವಲ್ಪ ಸಡಿಲಿಸಿ, "ಅಂದ್ಹಾಗೆ, ಮನೇಲಿ ನನ್ನದೊಂದು ಪ್ರಿಂಟರ್..." ಎಂದು ತಲೆಯೆತ್ತಿದರೆ ಕೋಣೆಯಲ್ಲಿ ಪೊಲೀಸಿನವನೂ ಬೆಕ್ಕೂ ಮಾತ್ರ ಉಳಿದಿದ್ದರು. ಗಡಿಬಿಡಿಯಲ್ಲಿ ಅಜ್ಜಿ ಬೆಕ್ಕನ್ನೇ ಮರೆತಿದ್ದಳು.

ಅಂತೂ ರೀಸ್ಟಾರ್ಟಣ್ಣನಿಗೆ ಬೇಕಾದದ್ದು ಸಿಕ್ಕಿತು. ಅವನು ಕಂಪ್ಯೂಟರಿನವನೆಂದು ಊರಿಗೇ ಗೊತ್ತಾಯಿತು, ಮತ್ತು ಅವನ ಹತ್ತಿರ ಒಬ್ಬರೂ ಬರಲಿಲ್ಲ. ಯಾಕೆ ಬರುತ್ತಾರೆ?  ಪ್ರಿಂಟರ್ ರಿಪೇರಿ ಎಲ್ಲರಿಗೂ ಬರುತ್ತಿತ್ತು. ಮೊದಲ ದಿನ ನಿಜ ಹೇಳಿದ್ದರೆ ಆ ಬೀದಿಯಲ್ಲಿ ಅವನಷ್ಟು ಬೇಡದ ಮನುಷ್ಯ ಇನ್ನೊಬ್ಬನಿರುತ್ತಿರಲಿಲ್ಲ. ಪ್ರಾಣಿಗಳೂ ಬರಲಿಲ್ಲ. ಡಾಕ್ಟ್ರಲ್ಲದವನ ಹತ್ತಿರ ಆಮೆ ಯಾಕೆ ಬರುತ್ತದೆ?

ಮೊದಲ ದಿನ ಕಾಲು ಚಾಚಿ ಕೂತ. "ಆಹಾ, ಇದಪ್ಪಾ ನೆಮ್ಮದಿ" ಎಂದ. ಮರುದಿನ ಬಾಗಿಲ ಕಡೆ ಸುಮ್ಮನೆ ಒಮ್ಮೆ ನೋಡಿದ. ಅದರ ಮರುದಿನ ಹೆಂಡತಿ ಅಭ್ಯಾಸಬಲದಿಂದ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟು, ಅಷ್ಟನ್ನೂ ಚೆಲ್ಲಬೇಕಾಯಿತು. ಊಟಕ್ಕೆ ಕೂತರೆ ಯಾರೂ ಎಬ್ಬಿಸಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಎಂದಿತು. ಅವನಿಗೆ ಬೇಜಾರಾಯಿತು, ನಾಚಿಕೆಯಿಲ್ಲದೆ ಹೇಳಬೇಕೆಂದರೆ ಅಳುವೇ ಬಂತು.

"ಆ ಕ್ಷೌರಿಕನ ಗಿಳಿ ಹೇಗಿದೆಯೋ ಏನೋ" ಎಂದ.

"ಹೋಗಿ ನೋಡ್ಕೊಂಡು ಬನ್ನಿ."

"ಸುಮ್ನೆ ಹೆಂಗೆ ಹೋಗೋದು? ಏನಾದ್ರೂ ಕಾರಣ ಬೇಡ್ವಾ?"

ಹೆಂಡತಿ ಅವನನ್ನು ನೋಡಿದಳು. ಒಳಗೆ ಹೋಗಿ, ಧೂಳು ಹಿಡಿದಿದ್ದ ಅವರದೇ ಪ್ರಿಂಟರನ್ನು ಎತ್ತಿ ತಂದು ಅವನ ತೊಡೆಯ ಮೇಲಿಟ್ಟಳು. ಅದಕ್ಕೆ ಏನೂ ಆಗಿರಲಿಲ್ಲ. ಅವನು ಎದ್ದ.

ಪ್ರಿಂಟರ್ ಹೊತ್ತು, ಬೀದಿ ದಾಟಿ, ಎದುರುಮನೆಯ ಬಾಗಿಲು ತಟ್ಟಿದ. ಬಾಗಿಲು ಅರ್ಧ ತೆರೆಯಿತು. ಅಜ್ಜಿಯ ತಲೆ, ಅದರ ಕೆಳಗೆ ಬೆಕ್ಕಿನ ತಲೆ.

"ಅಜ್ಜಿ, ಇದು ಯಾಕೋ ಸರಿಯಾಗಿ ಕೆಲಸ ಮಾಡ್ತಿಲ್ಲ. ಸ್ವಲ್ಪ ನೋಡ್ತೀರಾ?"

ಅಜ್ಜಿ ಪ್ರಿಂಟರ್ ನೋಡಿದಳು, ಅವನ ಮುಖ ನೋಡಿದಳು, ಮತ್ತೊಮ್ಮೆ ಪ್ರಿಂಟರ್ ನೋಡಿದಳು. ಮುಖ ಗಂಭೀರ ಮಾಡಿಕೊಂಡಳು.

"ಅಯ್ಯೋ ನಂಗೆ ಅವೆಲ್ಲ ಬರಲ್ಲಪ್ಪ" ಎಂದಳು. "ನಾನು ಒಂಟೆ ಡಾಕ್ಟ್ರು." ಎಂದು ಬಾಗಿಲು ಪೂರ್ತಿ ತೆರೆದು, ಒಳಗೆ ತಿರುಗಿ, ಚಹಾಕ್ಕೆ ನೀರಿಟ್ಟಳು.